ಉಂಡ ಮನೆಯ ಮಾತು

ನಮ್ಮ ಸಂಘದ ಹಿರಿಯ ಸದಸ್ಯರೊಬ್ಬರ ಮಗಳು 2023ರಲ್ಲಿ ಸ್ಪ್ಯಾನಿಷ್ ಭಾಷೆ ಕಲಿಯಲೆಂದು ಗ್ವಾಟೆಮಾಲಾ ದೇಶಕ್ಕೆ ಹೊರಟು ನಿಂತಾಗ ದೆಹಲಿಯ ನಮ್ಮ ಬಳಗದಲ್ಲಿ ಸಣ್ಣದೊಂದು ಗದ್ದಲವೇ ಆಯಿತು. ಆ ದೇಶ ಎಲ್ಲಿದೆ ಎಂಬುದು ಮೊದಲ ಪ್ರಶ್ನೆ. ಮೆಕ್ಸಿಕೋದ ಕೆಳಗೆ ಎಂದು ಭೂಪಟ ಬಿಡಿಸಿ ತೋರಿಸಿದ ಮೇಲೆ, ಸ್ಪೇನ್ ಬಿಟ್ಟು ಅಲ್ಲಿಗೇಕೆ ಎಂಬುದು ಎರಡನೆಯದು. ಖರ್ಚು ಕಡಿಮೆ ಎಂಬ ಉತ್ತರ ಸರಕಾರಿ ನೌಕರರೇ ಹೆಚ್ಚಾಗಿರುವ ನಮ್ಮ ಸಭೆಗೆ ಕೂಡಲೇ ಒಪ್ಪಿಗೆಯಾಯಿತು. ಮೂರನೆಯ ಪ್ರಶ್ನೆಗೆ ಮಾತ್ರ ಸಮಾಧಾನ ಸಿಗಲಿಲ್ಲ. ಹುಡುಗಿ ಹಾಸ್ಟೆಲಿನಲ್ಲಿ ಇರುವುದಿಲ್ಲವಂತೆ. ಎಂಟು ವಾರ ಗುರುತು ಪರಿಚಯವಿಲ್ಲದವರ ಮನೆಯಲ್ಲಿದ್ದು, ಅವರು ಬಡಿಸಿದ್ದನ್ನು ಉಂಡು, ಅವರ ಮಾತನ್ನು ಕಲಿಯುತ್ತಾಳಂತೆ. “ಏನಮ್ಮಾ, ವಾರಾನ್ನದ ಕಾಲ ತಿರುಗಿ ಬಂತೇ?” ಎಂದು ಹಿರಿಯರೊಬ್ಬರು ಕೇಳಿಯೇಬಿಟ್ಟರು.

ಹೊರನಾಡಿನಲ್ಲಿ ಹುಟ್ಟಿ ಬೆಳೆದ ಕಿರಿಯರಿಗೆ ವಾರಾನ್ನವೆಂದರೆ ಏನೆಂದು ಹೇಳಬೇಕಾದೀತು. ಮೈಸೂರು, ಧಾರವಾಡದಂಥ ಊರುಗಳಿಗೆ ಹಳ್ಳಿಯಿಂದ ಓದಲು ಬಂದ ಬಡ ಹುಡುಗರು ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ ಎಂದು ಗೊತ್ತುಮಾಡಿಕೊಂಡು ಉಣ್ಣುತ್ತಿದ್ದರು. ಏಳು ಮನೆ ಸಿಕ್ಕವನು ಭಾಗ್ಯವಂತ. ಐದೇ ಸಿಕ್ಕವನಿಗೆ ಎರಡು ದಿನ ನೀರು. ಕನ್ನಡದ ಎಷ್ಟೋ ದೊಡ್ಡವರು ಹೀಗೆ ಓದಿ ಮೇಲೆ ಬಂದವರು. ಉಂಡ ಮನೆಯ ಋಣ ಎಂಬ ಮಾತಿಗೆ ನಮ್ಮಲ್ಲಿ ಇರುವ ತೂಕಕ್ಕೆ ಇದೂ ಒಂದು ಕಾರಣವಿದ್ದೀತು. ಹುಡುಗಿ ಹೋದದ್ದು ದುಡ್ಡು ಕೊಟ್ಟು ಉಣ್ಣುವ ಮನೆಗೆ. ಆದ್ದರಿಂದ ವಾರಾನ್ನಕ್ಕೂ ಇದಕ್ಕೂ ಹೋಲಿಕೆ ಅರ್ಧ ಮಾತ್ರ. ಆದರೂ ಭಾಷೆ ಕಲಿಯಲು ಪಾಠಶಾಲೆ ಸಾಲದು, ಒಂದು ಅಡುಗೆಮನೆಯೂ ಬೇಕು ಎಂದು ಮೊದಲು ಯಾರಿಗೆ ಹೊಳೆಯಿತು ಎಂಬ ಕುತೂಹಲ ನಮ್ಮನ್ನು ಹಿಡಿಯಿತು.

ಈ ಕುತೂಹಲಕ್ಕೆ ನಮ್ಮದೇ ಒಂದು ಕಾರಣವೂ ಉಂಟು. ಕೇಂದ್ರ ಸರಕಾರದ ನೌಕರಿಗೆ ಸೇರಿದ ಮೇಲೆ ನಾವು ಹಿಂದಿಯ ಪ್ರಬೋಧ, ಪ್ರವೀಣ, ಪ್ರಾಜ್ಞ ಮೂರೂ ಪರೀಕ್ಷೆಗಳನ್ನು ಬರೆದು ಪಾಸು ಮಾಡಿದವರು. ಆದರೆ ನಮ್ಮ ನಾಲಿಗೆ ತಿರುಗಿದ್ದು ಆ ಪುಸ್ತಕಗಳಿಂದ ಅಲ್ಲವೆಂದು ಆಣೆ ಮಾಡಿ ಹೇಳಬಲ್ಲೆವು. ಮಹಡಿಯ ಮೇಲಿನ ಒಂದೇ ಕೋಣೆಯ ಬರ್ಸಾತಿಯಲ್ಲಿ ನಾವಿದ್ದಾಗ ಕೆಳಗಿನ ಮನೆಯ ಮಾಲೀಕಿಣಿ, ದೇಶ ವಿಭಜನೆಯಾದಾಗ ಕೂಸಾಗಿ ಇತ್ತ ಬಂದ ಮುದುಕಿ, ಚಳಿಗಾಲದ ಬಿಸಿಲಿನಲ್ಲಿ ಬಟಾಣಿ ಸುಲಿಯುತ್ತ ನಮ್ಮ ಪ್ರತಿಯೊಂದು ಲಿಂಗದೋಷವನ್ನೂ ತಿದ್ದುತ್ತಿದ್ದರು. ದಹಿ ಗಂಡೋ ಹೆಣ್ಣೋ ಎಂಬುದು ಇಂದಿಗೂ ನಮಗೆ ಅನುಮಾನವೇ. ಆಕೆಗೂ ಅನುಮಾನವಿತ್ತೆಂದು ಕಾಣುತ್ತದೆ.

ಇರಲಿ, ಸ್ಪ್ಯಾನಿಷಿಗೆ ಬರೋಣ.

ಪರದೇಶಿಗಳಿಗೆ ಸ್ಪ್ಯಾನಿಷ್ ಕಲಿಸುವ ಕೆಲಸವನ್ನು ಸ್ಪೇನ್ ದೇಶವೇ 20ನೆಯ ಶತಮಾನದ ಆರಂಭದಲ್ಲಿ ವ್ಯವಸ್ಥಿತವಾಗಿ ಕೈಗೆತ್ತಿಕೊಂಡಿತು. 1907ರಲ್ಲಿ ಮ್ಯಾಡ್ರಿಡ್‌ನಲ್ಲಿ ಉನ್ನತ ವಿದ್ಯಾಭ್ಯಾಸಕ್ಕಾಗಿ ಒಂದು ಮಂಡಳಿ ಏರ್ಪಟ್ಟಿತು. ಅದರ ಅಧ್ಯಕ್ಷರು ಸಾಂತಿಯಾಗೊ ರಾಮೊನ್ ಇ ಕಹಾಲ್. ಬಿ.ಎಸ್‌ಸಿ. ಓದಿದ ನಮಗೆ ಈ ಹೆಸರು ಹೊಸದಲ್ಲ. ನರಕೋಶಗಳ ರಚನೆಯನ್ನು ಕಂಡು, ತಾವೇ ಚಿತ್ರ ಬರೆದು ತೋರಿಸಿ 1906ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಮಹಾನುಭಾವರು. ಅವರ ಮಂಡಳಿ ತನ್ನ ದೇಶದ ಹುಡುಗರನ್ನು ಹೊರದೇಶಗಳಿಗೆ ಕಳಿಸಿದ್ದಲ್ಲದೆ, 1912ರಿಂದ ಬೇಸಿಗೆಯಲ್ಲಿ ಪರದೇಶಿಗಳಿಗೆ ಮ್ಯಾಡ್ರಿಡ್‌ನಲ್ಲಿಯೇ ಪಾಠ ಇಟ್ಟಿತು. ಅಲ್ಲಿ ಉಚ್ಚಾರಣೆ ಕಲಿಸಿದ ತೊಮಾಸ್ ನವಾರೊ ತೊಮಾಸ್ ಎಂಬ ವಿದ್ವಾಂಸರು 1918ರಲ್ಲಿ ಬರೆದ ಉಚ್ಚಾರಣೆಯ ಕೈಪಿಡಿ ಬಹುಕಾಲ ಆ ವಿಷಯದ ಪ್ರಮಾಣಗ್ರಂಥವಾಗಿತ್ತು. ಅದೇ ಸಮಯಕ್ಕೆ ಅಮೆರಿಕ ದೇಶ ಮೊದಲ ಮಹಾಯುದ್ಧಕ್ಕೆ ಇಳಿದು, ಅಲ್ಲಿಯ ಶಾಲೆಗಳಲ್ಲಿ ಜರ್ಮನ್ ಭಾಷೆ ಶತ್ರುವಿನ ಭಾಷೆಯೆನಿಸಿ ಮೂಲೆಗೆ ಬಿತ್ತು. ಆ ಜಾಗಕ್ಕೆ ಸ್ಪ್ಯಾನಿಷ್ ಬಂದಿತು. ಕಲಿಸಲು ಮೇಷ್ಟರು ಬೇಕಾದರು. ಮೇಷ್ಟರು ಕಲಿಯಲು ಹಡಗು ಹತ್ತಿದರು. 1921ರಲ್ಲಿ ಮೆಕ್ಸಿಕೋದ ರಾಷ್ಟ್ರೀಯ ವಿಶ್ವವಿದ್ಯಾಲಯವೂ ಇಂಥವರಿಗಾಗಿ ಬೇಸಿಗೆ ಶಾಲೆ ತೆರೆಯಿತು.

ಸ್ಪೇನಿನ ಕಥೆ ಮಾತ್ರ ದುಃಖದಲ್ಲಿ ಕೊನೆಗೊಂಡಿತು. 1936ರಲ್ಲಿ ಅಂತರ್ಯುದ್ಧ ಹೊತ್ತಿತು. ಊರೂರಿನವರಿಗೆ ಸ್ಪ್ಯಾನಿಷ್ ಉಚ್ಚಾರಣೆ ತಿದ್ದಿದ ನವಾರೊ ತೊಮಾಸ್, 1939ರ ಜನವರಿಯಲ್ಲಿ ಕವಿ ಆಂತೊನಿಯೊ ಮಚಾದೊ ಅವರಿದ್ದ ಗುಂಪಿನೊಂದಿಗೆ ಫ್ರಾನ್ಸಿನ ಗಡಿ ದಾಟಿದರು. ಕವಿ ಒಂದು ತಿಂಗಳೊಳಗೆ ಅಲ್ಲಿಯೇ ತೀರಿಕೊಂಡರು. ಮೇಷ್ಟರು ನ್ಯೂಯಾರ್ಕಿಗೆ ಹೋಗಿ, ಉಳಿದ ಬಾಳನ್ನು ಪರರ ನಾಡಿನಲ್ಲಿ ಕಳೆದರು.

ಇನ್ನು ಮನೆಯಲ್ಲಿ ಇರಿಸಿಕೊಂಡು ಕಲಿಸುವ ವಿಚಾರ. ಇದಕ್ಕೊಂದು ರೂಪ ಕೊಟ್ಟವರಲ್ಲಿ ಮುಖ್ಯರು ಡೊನಾಲ್ಡ್ ವಾಟ್ ಎಂಬ ಅಮೆರಿಕನ್ನರು. 1932ರಲ್ಲಿ ಅವರು ತಮ್ಮ ದೇಶದ ಹುಡುಗರನ್ನು ಯೂರೋಪಿಗೆ ಕರೆದೊಯ್ದು ಅಲ್ಲಿಯ ಹುಡುಗರ ಜೊತೆ ಶಿಬಿರ ಹೂಡಿಸಿದರು. ಶಿಬಿರದಲ್ಲಿ ಹುಡುಗರು ತಮ್ಮತಮ್ಮವರೊಡನೆಯೇ ಬೆರೆತರು. (ನಮ್ಮ ಸಂಘದ ವನಭೋಜನದಲ್ಲಿ ಮೈಸೂರಿನವರು ಒಂದು ಮರದ ಕೆಳಗೆ, ಹುಬ್ಬಳ್ಳಿಯವರು ಇನ್ನೊಂದು ಮರದ ಕೆಳಗೆ ಕೂಡುವುದಿಲ್ಲವೇ, ಹಾಗೆ.) ಮುಂದೆ ವಾಟ್ ಅವರು ಒಬ್ಬೊಬ್ಬ ಹುಡುಗನನ್ನು ಒಂದೊಂದು ಮನೆಗೆ ಮಗನಂತೆ ಸೇರಿಸುವ ಕ್ರಮ ತಂದರು. 1934ರಲ್ಲಿ ಹೀಗೆ ಜರ್ಮನಿಗೆ ಹೋದ ಹುಡುಗರಲ್ಲಿ ಸಾರ್ಜೆಂಟ್ ಶ್ರೈವರ್ ಒಬ್ಬರು. 1961ರಲ್ಲಿ ಅಮೆರಿಕದ ಪೀಸ್ ಕೋರ್ ಆರಂಭವಾದಾಗ ಅದರ ಮೊದಲ ನಿರ್ದೇಶಕರಾದವರು ಇವರೇ.

ಪೀಸ್ ಕೋರಿನ ತರುಣರು 1960ರ ದಶಕದಲ್ಲಿ ನಮ್ಮ ಮೈಸೂರು ರಾಜ್ಯಕ್ಕೂ ಬಂದಿದ್ದರೆಂಬುದು ಹಿರಿಯ ಓದುಗರಿಗೆ ನೆನಪಿರಬಹುದು. ಕೋಳಿ ಸಾಕಣೆ ಇತ್ಯಾದಿ ಕೆಲಸಕ್ಕಾಗಿ ಕನ್ನಡ ಕಲಿತು ಬಂದವರು. ನಮ್ಮ ತಂದೆಯವರು ಹೈಸ್ಕೂಲಿನಲ್ಲಿದ್ದಾಗ ಅವರ ಊರಿನಲ್ಲಿ ಅಂಥವನೊಬ್ಬನಿದ್ದನಂತೆ. ಬಂದ ಹೊಸದರಲ್ಲಿ ಎಲ್ಲರಿಗೂ “ತಾವು ಭೋಜನ ಮಾಡಿದಿರಾ?” ಎನ್ನುತ್ತಿದ್ದವನು, ಪಟೇಲರ ಮನೆಯಲ್ಲಿ ಮೂರು ತಿಂಗಳು ಉಂಡ ಮೇಲೆ “ಉಂಡ್ಯೇನ್ಲಾ?” ಎನ್ನತೊಡಗಿದನಂತೆ, ಹೆಡ್ಮಾಸ್ತರಿಗೂ ಹಾಗೆಯೇ ಅಂದು ಫಜೀತಿ ಮಾಡಿಕೊಂಡದ್ದನ್ನು ತಂದೆಯವರು ಇಂದಿಗೂ ನೆನೆದು ನಗುತ್ತಾರೆ. 1976ರಲ್ಲಿ ಪೀಸ್ ಕೋರ್ ಭಾರತವನ್ನು ಬಿಟ್ಟಿತು.

1961ನೆಯ ಇಸವಿ ಇನ್ನೊಂದು ಕಾರಣಕ್ಕೂ ಮುಖ್ಯ. ಉತ್ತರ ಅಮೆರಿಕದ ಕ್ರೈಸ್ತ ಮಠಗಳು ತಮ್ಮ ಜನರಲ್ಲಿ ಹತ್ತರಲ್ಲಿ ಒಂದು ಪಾಲನ್ನು ಲ್ಯಾಟಿನ್ ಅಮೆರಿಕಕ್ಕೆ ಕಳಿಸಬೇಕೆಂದು ವ್ಯಾಟಿಕನ್ ಕೇಳಿದ್ದು ಅದೇ ವರ್ಷ. ಇವರಿಗೆ ಸ್ಪ್ಯಾನಿಷ್ ಕಲಿಸಲು ಮೆಕ್ಸಿಕೋದ ಕ್ವೆರ್ನವಾಕ ಎಂಬ ಹೂದೋಟಗಳ ಊರಿನಲ್ಲಿ ಒಂದು ಕೇಂದ್ರ ಹುಟ್ಟಿತು. ಅದನ್ನು ನಡೆಸಿದವರು ಇವಾನ್ ಇಲ್ಲಿಚ್. ವಿಯೆನ್ನಾದಲ್ಲಿ ಹುಟ್ಟಿದ ಪಾದ್ರಿ, ಹಲವು ಭಾಷೆ ಬಲ್ಲ ಪಂಡಿತ. ನ್ಯೂಯಾರ್ಕಿನಲ್ಲಿ ಪೋರ್ಟೊರಿಕೋದಿಂದ ವಲಸೆ ಬಂದ ಬಡವರ ಕೇರಿಯಲ್ಲಿ ಕೆಲಸ ಮಾಡುತ್ತ ಅವರ ಮಾತನ್ನು ಕಲಿತಿದ್ದರು.

ತಮಾಷೆಯೆಂದರೆ, ಈ ಇಲ್ಲಿಚ್ ಅವರಿಗೆ ಪರದೇಶದ ಉಪಕಾರಿಗಳು ಲ್ಯಾಟಿನ್ ಅಮೆರಿಕಕ್ಕೆ ಬರುವುದೇ ಬೇಕಿರಲಿಲ್ಲ. ಭಾಷೆ ಕಲಿಯಲು ಬಂದವರಿಗೆ, ನೀವು ಇಲ್ಲಿ ಯಾರಿಗೆ ಏನು ಉದ್ಧಾರ ಮಾಡಲು ಬಂದಿರಿ ಎಂದು ಮುಖಕ್ಕೇ ಕೇಳುತ್ತಿದ್ದರು. 1968ರಲ್ಲಿ ಸೇವೆ ಮಾಡಲು ಬಂದ ವಿದ್ಯಾರ್ಥಿಗಳ ಸಭೆಯಲ್ಲಿ, ನೋಡಲು ಬನ್ನಿ, ಕಲಿಯಲು ಬನ್ನಿ, ಆದರೆ ಸಹಾಯ ಮಾಡಲು ಬರಬೇಡಿ ಎಂಬರ್ಥದ ಭಾಷಣ ಮಾಡಿ ಸಭಿಕರನ್ನು ತಬ್ಬಿಬ್ಬುಗೊಳಿಸಿದರು. 1969ರ ಜನವರಿಯಲ್ಲಿ ವ್ಯಾಟಿಕನ್ ತನ್ನ ಪಾದ್ರಿಗಳು ಅಲ್ಲಿಗೆ ಹೋಗಬಾರದೆಂದು ತಡೆ ಹಾಕಿತು. ಆದರೂ ಜನ ಬರುತ್ತಲೇ ಇದ್ದರು. ಅನೇಕರು ಊರಿನ ಮನೆಗಳಲ್ಲಿ ಇಳಿದುಕೊಂಡು, ಕೇಂದ್ರದಲ್ಲಿ ವಾಕ್ಯಗಳನ್ನು ಉರುಹಾಕಿ, ಸಂಜೆ ಮನೆಯೊಡತಿಯ ಮುಂದೆ ಪ್ರಯೋಗಿಸುತ್ತಿದ್ದರು. ಶುಲ್ಕದ ಹಣದಿಂದ ಇಲ್ಲಿಚ್ ಅವರ ಗ್ರಂಥಾಲಯ, ಪ್ರಕಟಣೆ, ಚರ್ಚಾಗೋಷ್ಠಿಗಳು ನಡೆದವು. ಶಾಲೆಗಳೇ ಬೇಡವೆಂದು 1971ರಲ್ಲಿ ಅವರು ಬರೆದ ಪುಸ್ತಕ ಜಗತ್ತಿನಲ್ಲೆಲ್ಲ ಹೆಸರು ಮಾಡಿತು. ಆ ಪುಸ್ತಕದ ಹಿಂದೆ ಒಂದು ಭಾಷಾ ಶಾಲೆಯ ಫೀಸು ಇತ್ತು. 1976ರಲ್ಲಿ ಕೇಂದ್ರವನ್ನು ತಾವೇ ಮುಚ್ಚಿದರು. ಅಲ್ಲಿಯ ಮೇಷ್ಟರುಗಳು ಅದೇ ಊರಿನಲ್ಲಿ ಸ್ವಂತ ಶಾಲೆ ತೆರೆದರು. ಕ್ವೆರ್ನವಾಕ ಇಂದಿಗೂ ಸ್ಪ್ಯಾನಿಷ್ ಶಾಲೆಗಳ ಊರು.

1978ರ ಜನವರಿಯಲ್ಲಿ ಇಲ್ಲಿಚ್ ನಮ್ಮ ಸೇವಾಗ್ರಾಮಕ್ಕೆ ಬಂದು ಗಾಂಧೀಜಿಯ ಗುಡಿಸಲಿನಲ್ಲಿ ಕುಳಿತು, ಮನೆಯೆಂದರೇನು ಎಂಬುದರ ಮೇಲೆ ಮಾತನಾಡಿದರು. ಆಮೇಲೆ ಬರೆದ ಲೇಖನವೊಂದರಲ್ಲಿ ಅವರು ಎತ್ತಿಕೊಂಡ ಸಂಗತಿ ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದ್ದು. 1492ರ ಆಗಸ್ಟ್ 3ರಂದು ಕೊಲಂಬಸ್ ಹಡಗು ಬಿಟ್ಟ. ಹದಿನೈದು ದಿನ ಕಳೆದು, ಆಗಸ್ಟ್ 18ರಂದು, ಆಂತೊನಿಯೊ ದೆ ನೆಬ್ರಿಹಾ ಎಂಬ ಪಂಡಿತ ಸ್ಪ್ಯಾನಿಷ್ ಭಾಷೆಯ ಮೊದಲ ವ್ಯಾಕರಣವನ್ನು ಮುಗಿಸಿ ರಾಣಿ ಇಸಬೆಲಾಳಿಗೆ ಅರ್ಪಿಸಿದ. ಭಾಷೆ ಯಾವಾಗಲೂ ಸಾಮ್ರಾಜ್ಯದ ಜೊತೆಗಾತಿ ಎಂಬುದು ಅವನ ವಾದ. ಅಲ್ಲಿಯವರೆಗೆ ತಾಯಿಯಿಂದ, ನೆರೆಯವರಿಂದ ಪುಕ್ಕಟೆಯಾಗಿ ಬರುತ್ತಿದ್ದ ಮಾತು, ಅಂದಿನಿಂದ ಮೇಷ್ಟರು ಕಲಿಸಿ ಕೊಡಬೇಕಾದ ವಸ್ತುವಾಯಿತು ಎಂದು ಇಲ್ಲಿಚ್ ಹೇಳುತ್ತಾರೆ. ಈ ವಾದವನ್ನು ನಾವು ಪೂರ್ತಿ ಒಪ್ಪುವವರಲ್ಲ. ಶಾಲೆ, ವ್ಯಾಕರಣ, ಪರೀಕ್ಷೆಗಳಿಲ್ಲದಿದ್ದರೆ ನಮ್ಮಂಥವರು ದೆಹಲಿಯ ಕಛೇರಿಯಲ್ಲಿ ಕುರ್ಚಿ ಹಿಡಿಯುತ್ತಿರಲಿಲ್ಲ. ಆದರೆ ಅವರು ಕೇಳಿದ ಪ್ರಶ್ನೆ ಸುಳ್ಳೆಂದು ಹೇಳಲೂ ಆಗದು. ಏಕೆಂದರೆ ಗ್ವಾಟೆಮಾಲಾದ ಕಥೆ ಆ ಪ್ರಶ್ನೆಯಿಂದಲೇ ಆರಂಭವಾಗುತ್ತದೆ.

ನಮ್ಮ ಹುಡುಗಿ ಇಳಿದದ್ದು ಆಂಟೀಗುವಾ ಎಂಬ ಊರಿನಲ್ಲಿ. ಸಮುದ್ರಮಟ್ಟದಿಂದ ಸುಮಾರು 1,500 ಮೀಟರು ಎತ್ತರ, ಸುತ್ತ ಮೂರು ಜ್ವಾಲಾಮುಖಿ ಪರ್ವತಗಳು, ಕಲ್ಲುಹಾಸಿನ ಬೀದಿ, ಮುರಿದ ಇಗರ್ಜಿಗಳು. 1543ರಿಂದ ಸ್ಪೇನಿನವರ ರಾಜಧಾನಿ ಇದು. ಇಲ್ಲಿಯ ಮೊದಲ ಬಿಷಪ್ ಫ್ರಾನ್ಸಿಸ್ಕೊ ಮಾರೋಕಿನ್ ಗೆದ್ದವರ ಜೊತೆ ಬಂದವನಾದರೂ, ಮಾಯಾ ಜನರ ಭಾಷೆಯನ್ನು ತಾನೇ ಕಲಿತು ಅದರಲ್ಲಿ ಧರ್ಮಬೋಧೆಯ ಪುಸ್ತಕ ಮಾಡಿಸಿದ. ಸುಮಾರು 1700ರ ಹೊತ್ತಿಗೆ ಹಿಮೇನೆಸ್ ಎಂಬ ಪಾದ್ರಿ ಕಿಚೇ ಭಾಷೆ ಕಲಿತು, ಆ ಜನರ ಪುರಾಣವಾದ ಪೊಪೊಲ್ ವೂಹ್ ಅನ್ನು ಪ್ರತಿ ಮಾಡಿಕೊಂಡ; ಮೂಲ ಕಳೆದುಹೋಗಿ ಅವನ ಪ್ರತಿ ಮಾತ್ರ ಉಳಿದಿದೆ. ಪಾದ್ರಿಗಳು ಜನರ ಭಾಷೆ ಕಲಿತರೆ, ಅರಸರು ಜನರ ಭಾಷೆ ಅಳಿಸಲು ಹೊರಟರು. ಈ ಭಾಷೆಗಳನ್ನೆಲ್ಲ ನಂದಿಸಿ ಸ್ಪ್ಯಾನಿಷ್ ಒಂದನ್ನೇ ಉಳಿಸಬೇಕೆಂದು 1770ರಲ್ಲಿ ಸ್ಪೇನಿನ ದೊರೆ ಮೂರನೆಯ ಕಾರ್ಲೋಸ್ ಆಜ್ಞೆ ಹೊರಡಿಸಿದ. 1773ರಲ್ಲಿ ಭೂಕಂಪವಾಗಿ ಅವನ ಈ ರಾಜಧಾನಿಯೇ ಕುಸಿಯಿತು; ರಾಜಧಾನಿ ಬೇರೆಡೆಗೆ ಹೋಯಿತು. (ಬಿ.ಎಸ್‌ಸಿ. ಓದಿದ ನಾವು ಎರಡಕ್ಕೂ ಸಂಬಂಧ ಕಲ್ಪಿಸಲಾರೆವು. ನಮ್ಮ ತಾಯಿಯವರು ಕೇಳಿದ ಕೂಡಲೇ ಕಲ್ಪಿಸಿದರು.) 1821ರಲ್ಲಿ ಸ್ವಾತಂತ್ರ್ಯ ಬಂತು. ಮಾಯಾ ಭಾಷೆಗಳಿಗೆ ಬರಲಿಲ್ಲ. 1824ರಲ್ಲಿ ಹೊಸ ಸರಕಾರವೂ ಅದೇ ಬಗೆಯ ಕಟ್ಟಳೆ ಮಾಡಿತು.

ಆ ಹಳೆಯ ಬಿಷಪ್ಪನ ಹೆಸರಿನಲ್ಲಿ 1969ರಲ್ಲಿ ಒಂದು ಭಾಷಾ ಸಂಸ್ಥೆ ಹುಟ್ಟಿ ಆಂಟೀಗುವಾದಲ್ಲಿ ನೆಲೆಗೊಂಡಿತು. ಟೆರೆನ್ಸ್ ಕಾಫ್‌ಮನ್, ನೋರಾ ಇಂಗ್ಲೆಂಡ್ ಮೊದಲಾದ ಭಾಷಾಶಾಸ್ತ್ರಜ್ಞರು ಇಲ್ಲಿ ದುಡಿದರು. ಮಾಯಾ ಹಳ್ಳಿಗಳ ತರುಣರನ್ನೇ ಕರೆದು, ತಮ್ಮ ಭಾಷೆಯ ಧ್ವನಿ, ವ್ಯಾಕರಣ, ನಿಘಂಟುಗಳನ್ನು ತಾವೇ ಬರೆದುಕೊಳ್ಳುವ ವಿದ್ಯೆಯನ್ನು ಕಲಿಸುವುದು ಅವರ ಕೆಲಸ. ಇದಕ್ಕೆ ಹಣ ಬೇಕಲ್ಲ? ಪರದೇಶಿಗಳಿಗೆ ಸ್ಪ್ಯಾನಿಷ್ ಕಲಿಸುವ ಶಾಲೆ ಇಟ್ಟರು. ಒಬ್ಬ ವಿದ್ಯಾರ್ಥಿಗೆ ಒಬ್ಬ ಮೇಷ್ಟ್ರು, ದಿನಕ್ಕೆ ಏಳು ಗಂಟೆಯವರೆಗೂ ಎದುರುಬದುರು ಕುಳಿತು ಪಾಠ, ಊಟ ವಸತಿ ಊರವರ ಮನೆಯಲ್ಲಿ. ಗೆದ್ದವರ ಭಾಷೆ ಕಲಿಯಲು ಬಂದವರು ಕೊಟ್ಟ ಫೀಸು, ಸೋತವರ ಭಾಷೆಗಳಿಗೆ ನಿಘಂಟಾಯಿತು. ನೆಬ್ರಿಹಾ ಪಂಡಿತನಿಗೆ ಇದು ಕನಸಿನಲ್ಲೂ ಹೊಳೆದಿರಲಾರದು.

ಊರಿಗೂ ಇದು ಒಂದು ಕಸುಬಾಯಿತು. ಇನ್ನಷ್ಟು ಶಾಲೆಗಳು ತೆರೆದವು. ಗಂಡ ಸತ್ತ ಹೆಂಗಸರು, ಮಕ್ಕಳು ದೊಡ್ಡವರಾಗಿ ಕೋಣೆ ಖಾಲಿಯಾದ ಮನೆಯವರು ವಿದ್ಯಾರ್ಥಿಗಳನ್ನು ಇರಿಸಿಕೊಂಡು ಸಂಸಾರ ತೂಗಿಸಿದರು. 1976ರ ಫೆಬ್ರವರಿ 4ರ ಬೆಳಗಿನ ಜಾವ ಭೂಮಿ ಮತ್ತೆ ನಡುಗಿ ದೇಶದಲ್ಲಿ ಸುಮಾರು 23,000 ಜನ ಸತ್ತರು; ಹಸಿ ಇಟ್ಟಿಗೆಯ ಮನೆಗಳು ನಿದ್ದೆಯಲ್ಲಿದ್ದವರ ಮೇಲೇ ಬಿದ್ದವು. ಇದಕ್ಕಿಂತ ದೊಡ್ಡ ಸಂಕಟ ಮನುಷ್ಯರೇ ತಂದದ್ದು. 1960ರಿಂದ 1996ರವರೆಗೆ ನಡೆದ ಅಂತರ್ಯುದ್ಧದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಜನ ಸತ್ತರು ಅಥವಾ ಕಾಣೆಯಾದರು ಎಂದು 1999ರಲ್ಲಿ ಸತ್ಯಶೋಧನಾ ಆಯೋಗ ಲೆಕ್ಕ ಹಾಕಿತು. ಗುರುತು ಸಿಕ್ಕವರಲ್ಲಿ ಐದರಲ್ಲಿ ನಾಲ್ಕು ಪಾಲಿಗಿಂತ ಹೆಚ್ಚು ಮಾಯಾ ಜನ. 1980ರ ದಶಕದ ಆರಂಭದಲ್ಲಿ ಬೆಟ್ಟದ ಮೇಲಿನ ಹಳ್ಳಿಗಳು ಉರಿಯುತ್ತಿದ್ದಾಗಲೂ ಆಂಟೀಗುವಾದ ಅಂಗಳಗಳಲ್ಲಿ ಕ್ರಿಯಾಪದಗಳ ಪಾಠ ನಡೆಯುತ್ತಿತ್ತು. ಆ ಕಾಲದ ವಿದ್ಯಾರ್ಥಿಗಳಲ್ಲಿ ಎಷ್ಟು ಮಂದಿ ಊಟದ ಮೇಜಿನಲ್ಲಿ ಇದರ ಮಾತು ತೆಗೆದರೋ, ಎಷ್ಟು ಮನೆಯೊಡತಿಯರು ಕೇಳಿಸದಂತೆ ಇನ್ನೊಂದು ರೊಟ್ಟಿ ಬಡಿಸಿದರೋ! ಇದನ್ನು ಯೋಚಿಸಿದಾಗ ಮನಸ್ಸಿಗೆ ಪಿಚ್ಚೆನಿಸುತ್ತದೆ.

ಅಷ್ಟರಲ್ಲಿಯೂ ನಿಘಂಟಿನ ಕೆಲಸ ನಿಲ್ಲಲಿಲ್ಲ. 1987ರಲ್ಲಿ ಮಾಯಾ ಭಾಷೆಗಳಿಗೆಲ್ಲ ಸಮಾನವಾದ ಅಕ್ಷರಮಾಲೆಗೆ ಸರಕಾರದ ಒಪ್ಪಿಗೆ ಸಿಕ್ಕಿತು. 1990ರಲ್ಲಿ ಮಾಯಾ ಭಾಷೆಗಳ ಅಕಾಡೆಮಿ ಕಾನೂನಿನ ಮನ್ನಣೆ ಪಡೆಯಿತು. 2003ರಲ್ಲಿ ಭಾಷೆಗಳ ಹಕ್ಕಿನ ಶಾಸನವೇ ಬಂದಿತು. ಇಂದು ಅಲ್ಲಿ 22 ಮಾಯಾ ಭಾಷೆಗಳನ್ನು ಗುರುತಿಸಲಾಗಿದೆ.

ಈಗ ನಮ್ಮ ಹುಡುಗಿಯ ಅನುಭವ. ಆಕೆ ಇದ್ದ ಮನೆಯಲ್ಲಿ ಒಡತಿ, ಆಕೆಯ ವೃದ್ಧ ಅತ್ತೆ, ಶಾಲೆಗೆ ಹೋಗುವ ಇಬ್ಬರು ಮೊಮ್ಮಕ್ಕಳು. ವಾರಕ್ಕೆ ಆರು ದಿನ ಮೂರು ಹೊತ್ತು ಊಟ. ಭಾನುವಾರ ಒಲೆಗೆ ರಜೆ. ಕಪ್ಪು ಹುರುಳಿಕಾಯಿ ಬೀಜದ ಗೊಜ್ಜು, ಬಿಸಿ ಜೋಳದ ರೊಟ್ಟಿ, ಕರಿದ ಬಾಳೆಹಣ್ಣು. ಜೋಳವೆಂದರೆ ಮುಸುಕಿನ ಜೋಳ, ಆದರೂ ತಟ್ಟುವ ಸದ್ದು ಧಾರವಾಡದ ಅಜ್ಜಿಯ ಮನೆಯದೇ ಎಂದಳು. ಮಾಂಸ ತಿನ್ನುವುದಿಲ್ಲವೆಂದಾಗ ಒಡತಿ ಬಹಳ ಮರುಗಿ, ಕೋಳಿಯೂ ಇಲ್ಲವೇ ಎಂದು ಮೂರು ದಿನ ಕೇಳಿದರಂತೆ.

ಊಟ ಮುಗಿಸಿ ಏಳುವವರು ಎಲ್ಲರಿಗೂ ಕೃತಜ್ಞತೆ ಹೇಳಬೇಕು. ಕುಳಿತವರು ‘ಬುವೆನ್ ಪ್ರೊವೆಚೊ’, ಎಂದರೆ ಉಂಡದ್ದು ಮೈಗೆ ಹತ್ತಲಿ ಎನ್ನಬೇಕು. ಇದು ಆಕೆಯ ದೆಹಲಿಯ ಪಠ್ಯಪುಸ್ತಕದಲ್ಲಿ ಇರಲಿಲ್ಲ. ಪುಸ್ತಕ ‘ನೀನು’ ಎನ್ನುವುದಕ್ಕೆ ‘ತು’ ಎಂದು ಕಲಿಸಿತ್ತು. ಇಲ್ಲಿ ಆಪ್ತರೊಳಗೆ ‘ವೊಸ್’, ಉಳಿದಂತೆ ‘ಉಸ್ತೇದ್’. ಎಷ್ಟೋ ಸಲ ಅಜ್ಜಿ ಮೊಮ್ಮಗನಿಗೂ ‘ಉಸ್ತೇದ್’ ಎನ್ನುತ್ತಿದ್ದರು. ಮಗುವಿಗೆ ‘ಬನ್ನಿ’ ಎನ್ನುವ ಮನೆಗಳು ನಮ್ಮಲ್ಲಿಯೂ ಇಲ್ಲವೇ? ಈ ಒಂದು ಸಂಗತಿಯಲ್ಲಿ ಆಕೆ ತನ್ನ ಜೊತೆಯ ಇಂಗ್ಲಿಷಿನವರಿಗಿಂತ ಬೇಗ ಪಳಗಿದಳು. ಕೆಲವು ಶಬ್ದಗಳಂತೂ ನೆಂಟರ ಹಾಗೆ ಎದುರಾದವು. ಸಕ್ಕರೆಗೆ ‘ಅಸುಕಾರ್’: ಸಂಸ್ಕೃತದ ಶರ್ಕರೆ ಪರ್ಷಿಯ, ಅರಬಸ್ಥಾನಗಳನ್ನು ಸುತ್ತಿ ಸ್ಪೇನಿಗೆ ಹೋದದ್ದು. ಊಟದ ಮೇಜಿಗೆ ‘ಮೆಸಾ’: ಅದರ ಒಡಹುಟ್ಟಾದ ಪೋರ್ಚುಗೀಸ್ ಶಬ್ದ ಹಡಗಿನಲ್ಲಿ ಗೋವೆಗೆ ಬಂದು ನಮ್ಮ ಮೇಜಾಯಿತು.

ಆದರೆ ಆಕೆ ಹೇಳಿದ್ದರಲ್ಲಿ ನಮ್ಮ ಮನಸ್ಸಿನಲ್ಲಿ ನಿಂತದ್ದು ಬೇರೆ. ಹತ್ತಿರದ ಹಳ್ಳಿಯಿಂದ ಬುಟ್ಟಿ ಹೊತ್ತು ಒಬ್ಬ ಹೆಂಗಸು ದಿನವೂ ಮಧ್ಯಾಹ್ನ ರೊಟ್ಟಿ ಮಾರಲು ಬರುತ್ತಿದ್ದಳು. ಮನೆಯ ಅಜ್ಜಿ ಬಾಗಿಲಲ್ಲಿ ನಿಂತು ಆಕೆಯೊಡನೆ ಕಕ್ಚಿಕೆಲ್ ಎಂಬ ಮಾಯಾ ಭಾಷೆಯಲ್ಲಿ ಬಹಳ ಹೊತ್ತು ಹರಟುತ್ತಿದ್ದರು, ನಗುತ್ತಿದ್ದರು. ಮೊಮ್ಮಕ್ಕಳು ಶಾಲೆಯಿಂದ ಬಂದ ಕೂಡಲೇ ಆ ಮಾತು ನಿಂತು ಸ್ಪ್ಯಾನಿಷ್ ಆಗುತ್ತಿತ್ತು. ನೀವು ಮಕ್ಕಳಿಗೆ ಅದನ್ನೇಕೆ ಕಲಿಸಲಿಲ್ಲ ಎಂದು ಹುಡುಗಿ ಒಂದು ದಿನ ಕೇಳಿದಳು. ಶಾಲೆಯಲ್ಲಿ ನಗುತ್ತಾರೆ ಎಂದರಂತೆ ಅಜ್ಜಿ. ಆಮೇಲೆ, ನೀನು ನಿನ್ನ ಅಜ್ಜಿಯ ಹತ್ತಿರ ಯಾವ ಭಾಷೆಯಲ್ಲಿ ಮಾತಾಡುತ್ತೀ ಎಂದು ತಿರುಗಿ ಕೇಳಿದರಂತೆ. ಹುಡುಗಿ ಉತ್ತರ ಹೇಳಲು ಸ್ಪ್ಯಾನಿಷ್ ಸಾಲದೆಂದು ನೆಪ ಹೂಡಿ ಕೋಣೆಗೆ ಹೋದಳು. ಹೊರಡುವ ದಿನ ಅಜ್ಜಿ ‘ಮತ್ಯೋಷ್’ ಎಂಬ ಒಂದು ಶಬ್ದವನ್ನು ಅವಳಿಗೆ ಕಲಿಸಿ ಕಳಿಸಿದರು. ಕಕ್ಚಿಕೆಲ್‌ನಲ್ಲಿ ಹಾಗೆಂದರೆ ಕೃತಜ್ಞತೆ.

ನಮ್ಮ ಬರ್ಸಾತಿಯ ಮಾಲೀಕಿಣಿಯ ನೆನಪು ನಮಗೆ ಆಗ ಬಂದಿತು. ಅವರೂ ತಂಗಿಯೊಡನೆ ಆಡುತ್ತಿದ್ದ ಪಂಜಾಬಿಯೇ ಬೇರೆ, ಮೊಮ್ಮಕ್ಕಳೊಡನೆ ಆಡುತ್ತಿದ್ದ ಹಿಂದಿಯೇ ಬೇರೆ. ನಮಗೆ ಕಲಿಸಿದ್ದು ಹಿಂದಿ. ತಂಗಿಯ ಜೊತೆ ಏನು ಮಾತಾಡುತ್ತಿದ್ದರೆಂದು ನಾವು ಒಮ್ಮೆಯೂ ಕೇಳಲಿಲ್ಲ.

ಕಳೆದ ತಿಂಗಳು ನಾವು ಆ ಸದಸ್ಯರ ಮನೆಗೆ ಊಟಕ್ಕೆ ಹೋಗಿದ್ದೆವು. ಬಡಿಸುತ್ತಿರುವಾಗಲೇ ಹುಡುಗಿಯ ಮೊಬೈಲಿಗೆ ಆಂಟೀಗುವಾದ ಒಡತಿಯ ದನಿಯ ಸಂದೇಶ ಬಂದಿತು. ಅವಳು ಕೇಳಿಸಿಕೊಂಡು ನಕ್ಕಳು. “ಏನಂತೆ?” ಎಂದು ತಾಯಿ ಸಾರಿನ ಸೌಟು ಹಿಡಿದೇ ಕೇಳಿದರು. ಹುಡುಗಿ ಹಿಂದಿಯಲ್ಲಿ ಶುರು ಮಾಡಿದವಳು ಅಲ್ಲಿಗೇ ತಡೆದು, ಸ್ವಲ್ಪ ಹೊತ್ತು ಹುಡುಕಿ, “ಅಜ್ಜಿಗೆ ಮೈಯಲ್ಲಿ ಹುಷಾರಿಲ್ಲಂತೆ. ಆದರೂ ನಾನು... ನನ್ನದು ಊಟ ಆಯ್ತಾ ಅಂತ ಕೇಳ್ತಿದಾರೆ” ಎಂದಳು.

“ಆಗ್ತಾ ಇದೆ ಅಂತ ಹೇಳು” ಎಂದರು ತಾಯಿ, ಅನ್ನದ ಮೇಲೆ ಸಾರು ಹಾಕುತ್ತ.